ಕಾಣದ ಗುರುವಿನ ಋಣ

ನಮ್ಮ ಪಾಲಿಗೆ ‘ರೆಸ್ನಿಕ್’ ಎಂಬುದು ಒಂದು ಪುಸ್ತಕದ ಹೆಸರಾಗಿತ್ತು, ಮನುಷ್ಯನದ್ದಲ್ಲ. ಹಾಸ್ಟೆಲಿನಲ್ಲಿ ನಾವು ನಾಲ್ವರು ಭೌತಶಾಸ್ತ್ರದ ಆ ದಪ್ಪ ಗ್ರಂಥದ ಒಂದೇ ಪ್ರತಿಯನ್ನು ಸರದಿಯಂತೆ ಓದುತ್ತಿದ್ದೆವು. “ರೆಸ್ನಿಕ್ ಎಲ್ಲಿ?” ಎಂದರೆ “ಮಂಚದ ಕೆಳಗಿದೆ” ಎಂಬ ಉತ್ತರ ಬರುತ್ತಿತ್ತು. 2014ರ ಜನವರಿಯಲ್ಲಿ ರಾಬರ್ಟ್ ರೆಸ್ನಿಕ್ ತಮ್ಮ 91ನೆಯ ವಯಸ್ಸಿನಲ್ಲಿ ನಿಧನರಾದ ಸುದ್ದಿ ಓದಿದಾಗ, ಅವರು ಅಲ್ಲಿಯವರೆಗೂ ಬದುಕಿದ್ದರೆಂಬುದೇ ನಮಗೆ ಅಚ್ಚರಿಯಾಯಿತು. ಅಚ್ಚರಿಯ ಬೆನ್ನಿಗೇ ನಾಚಿಕೆಯೂ ಆಯಿತು.

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸಹೋದ್ಯೋಗಿಯಾಗಿದ್ದ ಡೇವಿಡ್ ಹ್ಯಾಲಿಡೇ ಅವರೊಡನೆ ರೆಸ್ನಿಕ್ ಬರೆದ ಆ ಗ್ರಂಥ 1960ರಲ್ಲಿ ಪ್ರಕಟವಾಯಿತು. ಸೂತ್ರಗಳನ್ನು ಕಂಠಪಾಠ ಮಾಡಿ ಬಂದಿದ್ದ ನಮಗೆ ಅದು ಕಠಿಣವೆನಿಸಿತು. ಅಧ್ಯಾಯದ ಕೊನೆಯಲ್ಲಿ ಲೆಕ್ಕಗಳಿಗೂ ಮುನ್ನ ಕೆಲವು ಪ್ರಶ್ನೆಗಳಿರುತ್ತಿದ್ದವು. ಅವು ಏಕೆ, ಹೇಗೆ ಎಂದು ಕೇಳುತ್ತಿದ್ದವು. ಅವುಗಳ ಮುಂದೆ ಯಾವ ಸೂತ್ರವೂ ನೆರವಿಗೆ ಬರುತ್ತಿರಲಿಲ್ಲ. ನಾಲಿಗೆಗೆ ಬಂದದ್ದೆಲ್ಲ ಬುದ್ಧಿಗೆ ಬಂದಂತಲ್ಲ ಎಂಬುದನ್ನು ನಾವು ಆ ರಾತ್ರಿಗಳಲ್ಲಿ ಅರಿತೆವು.

ಇಂದು ಮಕ್ಕಳು ಸೂತ್ರ ಒಪ್ಪಿಸಿದಾಗ ನಾವು “ಏಕೆ?” ಎಂದು ಕೇಳುತ್ತೇವೆ. ಅವರು ತಿರುಗಿ ಕೇಳಿದಾಗ ಉತ್ತರ ತಿಳಿಯದಿದ್ದರೆ, ತಿಳಿಯದು ಎಂದು ಒಪ್ಪಿಕೊಂಡು ಜೊತೆಗೆ ಕುಳಿತು ಹುಡುಕುತ್ತೇವೆ. ಮುಖವನ್ನೇ ಕಾಣದ ಗುರುವಿಗೆ ನಾವು ಸಲ್ಲಿಸಬಲ್ಲ ಕೃತಜ್ಞತೆ ಇಷ್ಟೇ.