ಐದು ಊರುಗಳ ಪ್ರವಾಸ: ಒಂದು ಹಳೆಯ ಕಂಪ್ಯೂಟರಿನ ಸಲುವಾಗಿ

ಪ್ರವಾಸವೆಂದರೆ ಕಾಶಿ ರಾಮೇಶ್ವರಗಳಿಗೆ ಹೋಗಿಬರುವದೇ ಎಂದು ತಿಳಿದಿರುವ ವಾಚಕರಿಗೆ ನಮ್ಮ ಈ ಬರಹವು ರುಚಿಸಲಿಕ್ಕಿಲ್ಲ. 2025ನೆಯ ಇಸವಿಯ ಜನವರಿ ತಿಂಗಳ ಕೊನೆಯಲ್ಲಿ ನಾವು ಕೈಕೊಂಡ ಸಂಚಾರವು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಐದು ಊರುಗಳ ಒಳಗೇ ಮುಗಿಯಿತು. ಅದರ ಉದ್ದೇಶವು ದೇವದರ್ಶನವಲ್ಲ, ಮದುವೆಯ ಮಾತುಕತೆಯೂ ಅಲ್ಲ. ಸೇಡಮಿನಲ್ಲಿರುವ ನಮ್ಮ ತಂಗಿಯ ಮನೆಯ ಹಳೆಯ ಕಂಪ್ಯೂಟರಿಗೆ ಮರುಜೀವ ಕೊಡಿಸುವದು.

ತಂಗಿಯ ಸಂಸಾರವು ತೊಗರಿಯನ್ನು ನಂಬಿದ್ದು. ಕಲಬುರ್ಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತದ್ದು ನಿಜವೇ. ಆದರೆ ಗುರುತು ದೊರೆತ ಮಾತ್ರಕ್ಕೆ ಮಳೆಯು ಹೊತ್ತಿಗೆ ಬರುವದೆಂದಿಲ್ಲ. ಆ ಸಲದ ರಾಶಿ ಮಾರಿ, ಬೀಜದ ಸಾಲ ತೀರಿಸಿ, ಉಳಿದುದರಲ್ಲಿ ಏಳು ಸಾವಿರ ರೂಪಾಯಿಗಳನ್ನು ಆಕೆಯು ಎಣಿಸಿ ನಮ್ಮ ಕೈಯಲ್ಲಿಟ್ಟಳು. "ಅಣ್ಣಾ, ಇದರಾಗ ಆಗೂದಾದ್ರ ಮಾಡಿಸು, ಇಲ್ಲಾಂದ್ರ ರೊಕ್ಕ ವಾಪಸ್ ತಂದು ಕೊಡು. ಮುಂದಿನ ರಾಶಿತನಕ ಮತ್ತ ಕೇಳಬ್ಯಾಡ" ಎಂದಳು.

ಆ ಯಂತ್ರಕ್ಕೆ ಇಬ್ಬರು ವಾರಸುದಾರರು. ಹಿರಿಯ ಮಗಳು ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಳು. ದಿನಾಲು ಸಂಜೆ ಗಡಿಯಾರ ಹಚ್ಚಿ ಮಾದರಿ ಪರೀಕ್ಷೆಗಳನ್ನು ಬರೆಯುವಳು. ನಡುವೆಯೇ ಯಂತ್ರವು ಸ್ತಬ್ಧವಾಗಿ ನಿಂತರೆ, ಗಡಿಯಾರವೊಂದು ಮಾತ್ರ ನಿಲ್ಲುತ್ತಿರಲಿಲ್ಲ. ಕಿರಿಯವನು ಪಿಯುಸಿ ಮೊದಲ ವರ್ಷದ ಹುಡುಗ. ಅವನಿಗೆ ಆಟ ಬೇಕು. ಮೂಲದಲ್ಲಿ ಅದು ಆಟದ ಯಂತ್ರವೇ ಸರಿ. ಹೈದರಾಬಾದದಲ್ಲಿ ನೌಕರಿಗಿದ್ದ ನಮ್ಮ ಬಂಧುವೊಬ್ಬರು 2014ರಲ್ಲಿ ಅದನ್ನು ಬಿಡಿ ಬಿಡಿಯಾಗಿ ಜೋಡಿಸಿಕೊಂಡಿದ್ದರು: ಇಂಟೆಲ್ ಕಂಪನಿಯ ನಾಲ್ಕನೆಯ ಪೀಳಿಗೆಯ ಐ5 ಪ್ರೊಸೆಸರು, 4 ಜಿಬಿ ರ‍್ಯಾಮ್, 500 ಜಿಬಿಯ ತಿರುಗುವ ಡಿಸ್ಕು, ಜಿಟಿಎಕ್ಸ್ 750 ಟಿಐ ಎಂಬ ಚಿತ್ರದ ಕಾರ್ಡು. ಅವರು ಹೊಸದು ಕೊಂಡಾಗ ಹಳೆಯದು ಸೇಡಮಿಗೆ ಬಂತು. ಈಚೆಗೆ ಅದನ್ನು ಚಾಲೂ ಮಾಡಿ ಒಲೆಯ ಮೇಲೆ ಚಹಕ್ಕೆ ನೀರಿಟ್ಟರೆ ಮೊದಲು ಚಹವೇ ಸಿದ್ಧವಾಗುತ್ತಿತ್ತು.

ಮೊದಲನೆಯ ದಿವಸ ನಾವೂ ಅಳಿಯನೂ ಅಂಗಳದಲ್ಲಿ ಕುಳಿತು ಪೆಟ್ಟಿಗೆಯನ್ನು ಬಿಚ್ಚಿದೆವು. ಒಳಗೆ ಕಂಡ ದೃಶ್ಯವನ್ನು ಏನೆಂದು ಬಣ್ಣಿಸೋಣ! ಸೇಡಂ, ಮಳಖೇಡ, ವಾಡಿಗಳ ನೆಲದಲ್ಲಿ ಸುಣ್ಣದ ಕಲ್ಲು. ನೆಲದ ಮೇಲೆ ಸಿಮೆಂಟಿನ ಕಾರಖಾನೆಗಳು. ಆ ಸೀಮೆಯ ಧೂಳು ಫಂಕದ ಎಲೆಗಳ ಮೇಲೆ ಕಂಬಳಿಯಂತೆ ಹಾಸಿಕೊಂಡಿತ್ತು. ಬೇಸಿಗೆಯಲ್ಲಿ ನಾಲ್ವತ್ತು ಡಿಗ್ರಿ ದಾಟುವ ಸೆಕೆಯಲ್ಲಿ ಪ್ರೊಸೆಸರಿಗೆ ಉಸಿರಾಡಲು ಎಡೆಯೇ ಇರಲಿಲ್ಲ. ಪ್ರೊಸೆಸರು ಮಿತಿಮೀರಿ ಕಾದರೆ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುವದು. ನಾವು ಅದನ್ನು ಮುಪ್ಪೆಂದು ತಿಳಿಯುತ್ತೇವೆ. ಮೆತ್ತನೆಯ ಬಣ್ಣದ ಕುಂಚದಿಂದ ಧೂಳನ್ನು ಝಾಡಿಸಿ, ಪ್ರೊಸೆಸರಿನ ಮೇಲೆ ಒಣಗಿ ಹಕ್ಕಳೆಯಾಗಿದ್ದ ಹಳೆಯ ಪೇಸ್ಟನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟನ್ನು ಇಟ್ಟೆವು. ಕುಂಚಕ್ಕೂ ಪೇಸ್ಟಿಗೂ ಕೂಡಿ ತಗಲಿದ್ದು 180 ರೂಪಾಯಿ. ಫಂಕದ ಗರ್ಜನೆಯು ಅರ್ಧಕ್ಕೆ ಇಳಿಯಿತು. ಇಷ್ಟನ್ನು ಮಾಡದೆ ಹೊಸ ಸಾಮಾನಿಗೆ ಓಡುವವರನ್ನು ನಾವು ಜಾಣರೆಂದು ಎಣಿಸಲಾರೆವು.

ಮರುದಿನ ಪೆಟ್ಟಿಗೆಯನ್ನು ಹಳೆಯ ಚಾದರದಲ್ಲಿ ಗಂಟುಕಟ್ಟಿಕೊಂಡು ರೈಲು ಹತ್ತಿದೆವು. ಎದುರಿನ ಬಾಕಿನ ಮೇಲಿದ್ದ ಮುದುಕರು ಗಂಟನ್ನು ಬಹಳ ಹೊತ್ತು ದಿಟ್ಟಿಸಿ, "ಟೀವಿ ಏನ್ರಿ?" ಎಂದು ಕೇಳಿದರು. "ಕಂಪ್ಯೂಟರ್ ಅದರಿ, ದವಾಖಾನೀಗಿ ಒಯ್ಯಾಕ್ಹತ್ತೀವಿ" ಎಂದು ಅಳಿಯನು ಉತ್ತರಿಸಿದನು. ಅವರು ಸಹಾನುಭೂತಿಯಿಂದ ತಲೆಯಾಡಿಸಿದರು.

ಮಳಖೇಡ ರೋಡ ಸ್ಟೇಶನ್ನು ಬಂದಿತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು ಇದೇ. ಕವಿರಾಜಮಾರ್ಗವು ಹುಟ್ಟಿದ್ದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಕಾಗಿಣಾ ನದಿಯ ದಂಡೆಯ ಮೇಲೆ ಕೋಟೆಯ ಅವಶೇಷಗಳು ಈಗಲೂ ಇವೆ. ರೈಲಿನಿಂದ ಕಾಣುವದು ಮಾತ್ರ ಕಾರಖಾನೆಯ ಚಿಮಣಿಗಳು. ಮುಂದೆ ಚಿತ್ತಾಪುರ. ಅದರ ಬಳಿಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ದೊಡ್ಡ ಘಟಿಕಾಸ್ಥಾನವೊಂದು ಇದ್ದಿತು. 1058ರ ಶಾಸನದಲ್ಲಿ ಅಲ್ಲಿಯ ಅಧ್ಯಾಪಕರ ಮತ್ತು ಶಿಷ್ಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗಳ, ಎಂದರೆ ಗ್ರಂಥಪಾಲಕರ, ಉಲ್ಲೇಖವಿರುವದು.

ಅಳಿಯನಿಗೆ ಈ ಸಂಗತಿಯನ್ನು ಹೇಳುತ್ತಿದ್ದಾಗಲೇ ನಮಗೆ ನಮ್ಮ ಕೆಲಸದ ಕ್ರಮವೂ ಹೊಳೆಯಿತು. ಡಿಸ್ಕು ಎಂಬುದು ಗ್ರಂಥಭಂಡಾರ. ರ‍್ಯಾಮ್ ಎಂಬುದು ಓದುವವನ ಮುಂದಿನ ವ್ಯಾಸಪೀಠ. ಪೀಠವು ಚಿಕ್ಕದಾದರೆ ಒಂದು ಹೊತ್ತಿಗೆಯನ್ನು ಇಡಲು ಇನ್ನೊಂದನ್ನು ಭಂಡಾರಕ್ಕೆ ಮರಳಿಸಬೇಕು. ಭಂಡಾರಿಯು ಮುದುಕನಾದರೆ ತರುವದಕ್ಕೂ ಇಡುವದಕ್ಕೂ ಹೊತ್ತು ಹಿಡಿಯುವದು. ನಮ್ಮ ಯಂತ್ರದಲ್ಲಿ ಪೀಠವೂ ಚಿಕ್ಕದು, ಭಂಡಾರಿಯೂ ಮುದುಕ. ಓದುವ ಪಂಡಿತನು, ಅಂದರೆ ಪ್ರೊಸೆಸರು, ಇನ್ನೂ ಗಟ್ಟಿಯಾಗಿಯೇ ಇದ್ದನು. ಅವನ ಬದಲು ಹೊಸ ಪೀಳಿಗೆಯವನನ್ನು ತರಹೋದರೆ ಅವನು ಕೂಡುವ ಬೋರ್ಡನ್ನು ಬದಲಿಸಬೇಕು. ಬೋರ್ಡು ಬದಲಾದರೆ ರ‍್ಯಾಮ್ ಸಹ ಬದಲಾಗಬೇಕು. ಚೌಕಟ್ಟು ರಿಪೇರಿಗೆ ಹೋಗಿ ಮನೆ ಕಟ್ಟಿದಂತಾಗುವದು.

ಇಷ್ಟು ತಿಳಿದೂ ನಾವು ತಪ್ಪಿದೆವು. ದಾರಿಯ ಒಂದು ಊರಿನಲ್ಲಿ (ಯಾವ ಊರೆಂಬುದು ಬೇಡ) ಅಂಗಡಿಯವನು "ಇದು ಹೊಸಾದು, ಛಲೋದು" ಎಂದು ಕೊಟ್ಟ 8 ಜಿಬಿಯ ರ‍್ಯಾಮಿಗೆ 1,600 ರೂಪಾಯಿ ಸುರಿದೆವು. ಅಳಿಯನು ಜನರೇಟರಿನ ಸಪ್ಪಳದಲ್ಲಿ ಏನೋ ಹೇಳಲು ಬಂದುದನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ಟೇಶನ್ನಿನ ಬಾಕಿನ ಮೇಲೆ ಕುಳಿತು ನೋಡಿದರೆ ಅದು ಡಿಡಿಆರ್4. ನಮ್ಮ ಬೋರ್ಡಿಗೆ ಬೇಕಾದುದು ಡಿಡಿಆರ್3. ಒಂದಕ್ಕೆ 288 ಹಲ್ಲು, ಇನ್ನೊಂದಕ್ಕೆ 240. ನಡುವಿನ ಕಚ್ಚೂ ಬೇರೆ ಕಡೆಗೆ. ಒತ್ತಿ ಕೂಡಿಸಹೋದರೆ ಬೋರ್ಡೇ ಮುರಿದೀತು. ತಿರುಗಿ ಹೋಗಿ ಕೇಳಿದರೆ, ಮಾರಿದ ಮಾಲನ್ನು ಮರಳಿ ಕೊಳ್ಳುವದಿಲ್ಲವೆಂಬ ಹಲಗೆಯನ್ನು ಅವನು ಬೆರಳಿನಿಂದ ತೋರಿಸಿದನು. ತಂಗಿಯ ಹಣವು ಜೇಬಿನಲ್ಲಿ ಒಮ್ಮೆಲೆ ಭಾರವಾಯಿತು. "ನಾ ಅದನ್ನೇ ಹೇಳಾಕ ಬಂದಿದ್ದೆ ಮಾಮಾ" ಎಂದು ಹುಡುಗನು ಮೆಲ್ಲಗೆ ಅಂದನು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ವಾಡಿಯು ಜಂಕ್ಷನ್ನು. ನಿಜಾಮರ ಸೀಮೆಯ ರೈಲು 1874ರಲ್ಲಿ ಇಲ್ಲಿಂದ ಹೈದರಾಬಾದದ ಕಡೆಗೆ ಹೊರಟಂದಿನಿಂದ ಇದು ಗಾಡಿ ಬದಲಿಸುವವರ ಊರು. ನಾವೂ ಬದಲಿಸಿ, ಎರಡು ಭಜಿ ತಿಂದು, ಶಹಾಬಾದಕ್ಕೆ ಮುಟ್ಟಿದೆವು. ನಾಡಿನ ಎಷ್ಟು ಮನೆಗಳ ನೆಲಕ್ಕೆ ಈ ಊರಿನ ಕಲ್ಲು ಹಾಸಿಲ್ಲ! ಪದರು ಪದರಾಗಿ ಏಳುವ ಆ ಕಲ್ಲು ಕಟ್ಟಿಗೆಯ ಹಲಗೆಯಷ್ಟು ಸುಲಭವಾಗಿ ಸೀಳುವದು. ರಿಪೇರಿಯವರ ಅಂಗಡಿಯ ನೆಲವೂ ಅದೇ ಕಲ್ಲಿನದು, ತಂಪಾಗಿತ್ತು. ಅವರು ನಮ್ಮ ಕಥೆ ಕೇಳಿ ನಕ್ಕು, ತಪ್ಪು ರ‍್ಯಾಮನ್ನು 1,100 ರೂಪಾಯಿಗೆ ತಾವೇ ಇಟ್ಟುಕೊಂಡರು; 8 ಜಿಬಿಯ ಡಿಡಿಆರ್3 ರ‍್ಯಾಮನ್ನು 1,150ಕ್ಕೆ ಕೊಟ್ಟರು. ನಮ್ಮ ಅವಸರದ ದಂಡ 500. ಬಳಿಕ 1,650 ರೂಪಾಯಿಯ 256 ಜಿಬಿ ಎಸ್‌ಎಸ್‌ಡಿಯನ್ನು ಕೂಡಿಸಿ, ತಿರುಗುವ ಹಳೆಯ ಡಿಸ್ಕನ್ನು ಆಟಗಳ ಉಗ್ರಾಣವಾಗಿ ಉಳಿಸಿದರು. ಎಸ್‌ಎಸ್‌ಡಿಯೊಳಗೆ ತಿರುಗುವ ತಟ್ಟೆಯೂ ಇಲ್ಲ, ಸರಿದಾಡುವ ತೋಳೂ ಇಲ್ಲ. ಬೇಕಾದುದು ಕೂಡಲೆ ಕೈಗೆ ಬರುವದು. ಗುಂಡಿ ಒತ್ತಿ ನಾವು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಪರದೆಯು ಸಿದ್ಧವಾಗಿ ನಿಂತಿತ್ತು.

ಉಳಿದದ್ದು 3,520 ರೂಪಾಯಿ ಮತ್ತು ಚಿತ್ರದ ಕಾರ್ಡು. ಚಿಂಚೋಳಿಯಲ್ಲಿ ಒಬ್ಬರು ತಮ್ಮ ಇಂಟರ್ನೆಟ್ ಕೇಂದ್ರವನ್ನು ಮುಚ್ಚಿ ಸಾಮಾನು ಮಾರುತ್ತಿರುವರೆಂದು ರಿಪೇರಿಯವರಿಂದಲೇ ತಿಳಿಯಿತು. ಚಿಂಚೋಳಿಗೆ ರೈಲಿಲ್ಲ; ಎರಡು ದಿನ ಬಿಟ್ಟು ಸೇಡಮಿನಿಂದ ಬಸ್ಸಿನಲ್ಲಿ ಹೋದೆವು. ಆ ತಾಲೂಕಿನ ಕಾಡು 2011ರಲ್ಲಿ ವನ್ಯಧಾಮವಾಯಿತು. ಚಂದ್ರಂಪಳ್ಳಿಯ ಕೆರೆಯೂ ಅದರೊಳಗೇ. ನೋಡಿ ಬರೋಣವೆಂದೆವು, ಅಳಿಯನು ಒಪ್ಪಲಿಲ್ಲ. ಅವನ ಕಣ್ಣಿಗೆ ಕಾರ್ಡೇ ಕಾಡು, ಕಾರ್ಡೇ ಕೆರೆ.

ಅದು 2016ರ ಜಿಟಿಎಕ್ಸ್ 1050 ಟಿಐ, 4 ಜಿಬಿಯದು. ಇದರ ಗುಣವೆಂದರೆ ಹೆಚ್ಚೆಂದರೆ 75 ವ್ಯಾಟು ವಿದ್ಯುತ್ತನ್ನು ಬೋರ್ಡಿನ ಸ್ಲಾಟಿನಿಂದಲೇ ಪಡೆಯುವದು. ಬೇರೆ ತಂತಿ ಬೇಡ, ಆದಕಾರಣ ಹೊಸ ಪವರ್ ಸಪ್ಲೈ ಕೊಳ್ಳುವ ಖರ್ಚೂ ಇಲ್ಲ. ಮಾಲಕರು 4,200 ಕೇಳಿದರು. ಈ ಸಲ ನಾವು ಅಳಿಯನನ್ನೇ ಮುಂದೆ ಮಾಡಿದೆವು. "ಅರ್ಧಾ ತಾಸು ಆಟ ಹಚ್ಚಿ ತೋರಸ್ರಿ ಅಣ್ಣಾರ, ಆಮ್ಯಾಲ ರೇಟಿನ ಮಾತು" ಎಂದನು. ಅವರು ಸಿಟ್ಟಾಗದೆ ಹಚ್ಚಿದರು. ಪರದೆಯಲ್ಲಿ ಗೆರೆ ಬೀಳಲಿಲ್ಲ, ಯಂತ್ರ ನಿಲ್ಲಲಿಲ್ಲ. ನಮ್ಮ ಹಳೆಯ ಕಾರ್ಡನ್ನು 800ಕ್ಕೆ ಹಿಡಿಸಿ, 3,400 ನಗದು ಎಣಿಸಿದೆವು. ಏಳು ಸಾವಿರದಲ್ಲಿ ಉಳಿದದ್ದು 120 ರೂಪಾಯಿ. ದಾರಿಯ ಖರ್ಚು ನಮ್ಮದು.

ಈ ದರಗಳನ್ನು ಇಂದಿನವೆಂದು ವಾಚಕರು ಹಿಡಿಯಬಾರದು. ಕೃತಕ ಬುದ್ಧಿಯ ಯಂತ್ರಶಾಲೆಗಳು ರ‍್ಯಾಮನ್ನು ನುಂಗತೊಡಗಿದ್ದರಿಂದ 2025ರ ಕೊನೆಗೆ ಅದರ ಬೆಲೆ ಬಲವಾಗಿ ಏರಿತು. ಇನ್ನೊಂದು ಸಂಗತಿ: ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯು 2025ರ ಅಕ್ಟೋಬರ 14ಕ್ಕೆ ಮುಗಿಯಿತು, ವಿಂಡೋಸ್ 11 ಎಂಬುದು ಇಂಟೆಲಿನ ಎಂಟನೆಯ ಪೀಳಿಗೆಗಿಂತ ಹಳೆಯ ಯಂತ್ರಗಳನ್ನು ತನ್ನವೆಂದು ಒಪ್ಪುವದಿಲ್ಲ. ಅದಕ್ಕಾಗಿ ಸೊಸೆಯ ಓದಿಗೆ ಪುಕ್ಕಟೆಯಾದ ಲಿನಕ್ಸನ್ನು ಪ್ರತ್ಯೇಕವಾಗಿ ಹಾಕಿಕೊಟ್ಟೆವು. ಆಟಗಳಲ್ಲಿ ಬಹಳಷ್ಟು ಅದರಲ್ಲಿಯೂ ನಡೆಯುವವು. ಅಳಿಯನ ಪ್ರೀತಿಯ ವ್ಯಾಲರಂಟ್ ಮಾತ್ರ, ಅದರ ಕಾವಲು ವ್ಯವಸ್ಥೆಯ ದೆಸೆಯಿಂದ, ನಡೆಯುವದಿಲ್ಲ. ಅದಕ್ಕೆ ವಿಂಡೋಸನ್ನೂ ಉಳಿಸಬೇಕಾಯಿತು.

ಚಿಂಚೋಳಿಯಿಂದ ಬಂದ ದಿನ ಸಂಜೆ ಏಳಕ್ಕೆ ಸೊಸೆಯು ಮಾದರಿ ಪರೀಕ್ಷೆಗೆ ಕುಳಿತಳು. ತಂಗಿಯು ರೊಟ್ಟಿ ಬಡಿಯುವದನ್ನು ನಿಲ್ಲಿಸಿ ಬಾಗಿಲಲ್ಲಿ ಬಂದು ನಿಂತಳು. ಯಂತ್ರವು ಒಮ್ಮೆಯೂ ತಡವರಿಸಲಿಲ್ಲ. ಕೊನೆಯ ಪ್ರಶ್ನೆಯನ್ನು ಮುಗಿಸಿದಾಗ ಇನ್ನೂ ನಾಲ್ಕು ನಿಮಿಷ ಉಳಿದಿದ್ದವು. ಅಳಿಯನು ಅಲ್ಲಿಯ ವರೆಗೆ ತುಟಿ ಬಿಚ್ಚದೆ ಕಾದು, ಅಕ್ಕನು ಏಳುತ್ತಲೇ ಕುರ್ಚಿ ಹಿಡಿದು, ಕಿವಿಗೆ ಹೆಡ್‌ಫೋನು ಏರಿಸಿದನು. ಆಟ ತೆರೆದು ಒಂದು ನಿಮಿಷವಾಗಿರಬಹುದು, ಕರೆಂಟು ಹೋಯಿತು.

ಕತ್ತಲಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅವನ ದನಿ ಕೇಳಿತು: "ಮಾಮಾ, ಯುಪಿಎಸ್ ಎಷ್ಟಕ್ಕ ಬರ್ತದ?"

"ಮುಂದಿನ ತೊಗರಿಗಿ ನೋಡೂಣು" ಎಂದು ಅಡಿಗೆಮನೆಯಿಂದ ತಂಗಿಯು ಕೂಗಿದಳು.