ಅಕ್ಷರಕ್ಕೂ ಒಂದು ಬೀಗ

ಊರಿನಲ್ಲಿ ಹಗಲು ಹೊತ್ತು ಬಾಗಿಲಿಗೆ ಬೀಗ ಹಾಕಿ ಗೊತ್ತಿರದ ನಾವು ಮುಂಬಯಿಗೆ ಬಂದ ಮೇಲೆ ಒಂದೇ ಬಾಗಿಲಿಗೆ ಎರಡು ಬೀಗ ಹಾಕುವುದನ್ನು ಕಲಿತೆವು. ಆದರೆ ಅಕ್ಷರಕ್ಕೂ ಬೀಗವಿರುತ್ತದೆಂದು ತಿಳಿದದ್ದು ಸಂಘದ ಪತ್ರಿಕೆಯ ಪುಟ ಜೋಡಿಸುವ ಕೆಲಸಕ್ಕೆ ಕೈಹಚ್ಚಿದ ಮೇಲೆಯೇ.

ಸಂಘದ ಗಣಕಯಂತ್ರದ ಬೆನ್ನಿಗೆ ಹೆಬ್ಬೆರಳುದ್ದದ ಒಂದು ತುಂಡು ಸಿಕ್ಕಿಸಿರುತ್ತದೆ. ಹೆಸರು ಡಾಂಗಲ್. ಪುಟ ಜೋಡಿಸುವ ತಂತ್ರಾಂಶವು ತೆರೆಯುವಾಗಲೂ ನಡುನಡುವೆಯೂ ಅದರೊಳಗಿನ ಚಿಪ್ಪನ್ನು ಗುಟ್ಟಾಗಿ ಪ್ರಶ್ನೆ ಕೇಳುತ್ತದೆ. ಸರಿಯುತ್ತರ ಬಂದರೆ ಕೆಲಸ. ಇಲ್ಲದಿದ್ದರೆ ‘ಕೀ ಸಿಗಲಿಲ್ಲ’ ಎಂದು ಪರದೆಯ ಮೇಲೆ ಬರೆದು ಮುಚ್ಚಿಕೊಳ್ಳುತ್ತದೆ. ಹಿಂದೆ ಇಂಥ ಬೀಗಗಳನ್ನು ಪ್ರಿಂಟರಿನ ಪೋರ್ಟಿಗೆ ಸಿಕ್ಕಿಸುತ್ತಿದ್ದರು. ಆಮೇಲೆ ಯುಎಸ್‌ಬಿ ಬಂತು. ತಂತ್ರಾಂಶ ಎಷ್ಟು ಯಂತ್ರದಲ್ಲಿದ್ದರೂ ಪರವಾನಗಿ ಮಾತ್ರ ಈ ತುಂಡಿನಲ್ಲೇ.

ಕಳೆದ ರಾಜ್ಯೋತ್ಸವ ಸಂಚಿಕೆ ಅಚ್ಚಿಗೆ ಹೋಗಲು ಎರಡು ದಿನವಿದ್ದಾಗ ಅದೇ ಮಾತು ಬಂತು. ಅಂಗಡಿಯವರು ‘ಹೊಸದು ತಗೊಳ್ಳಿ’ ಎಂದರು. ಸಂಘದ ಹಣ ಸದಸ್ಯರ ಚಂದಾ ಹಣವಲ್ಲವೇ? ಕಚೇರಿಯಲ್ಲಿ ಕಡತ ನೋಡುವ ನಾವು ಬಿ.ಎಸ್‌ಸಿ. ಓದಿದ್ದು ಎಂದೋ. ಆದರೂ ಪ್ರಯೋಗಾಲಯದ ಒಂದು ಪಾಠ ನೆನಪಿತ್ತು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ತುಂಡಿನ ದೀಪ ಹತ್ತಿರಲಿಲ್ಲ. ಕಡಲ ಗಾಳಿಗೆ ಲೋಹ ಕಿಲುಬುವುದುಂಟು, ಒಣಬಟ್ಟೆಯಿಂದ ಒರೆಸಿದೆವು. ಬೇರೆ ಪೋರ್ಟಿಗೆ ನೇರವಾಗಿ ಸಿಕ್ಕಿಸಿದೆವು. ದೀಪವಿಲ್ಲ. ಸದಸ್ಯರೊಬ್ಬರ ಲ್ಯಾಪ್‌ಟಾಪಿಗೆ ಬೀಗದ ಡ್ರೈವರನ್ನು ಹಾಕಿ ಸಿಕ್ಕಿಸಿದಾಗ ಹಸಿರಾಗಿ ಹತ್ತಿತು! ಅಂದರೆ ಬೀಗದ ಕೈ ಕೆಟ್ಟಿಲ್ಲ. ಸಂಘದ ಯಂತ್ರ ಅದನ್ನು ಗುರುತಿಸುತ್ತಿಲ್ಲ. ಹಿಂದಿನ ವಾರವಷ್ಟೇ ಅದರ ವಿಂಡೋಸ್ ಹೊಸದಾಗಿತ್ತು. ತುಂಡನ್ನು ಕಿತ್ತು, ಹಳೆಯ ಡ್ರೈವರ್ ತೆಗೆದು, ಹೊಸದು ಹಾಕಿ, ಯಂತ್ರವನ್ನು ಆರಿಸಿ ಹಚ್ಚಿ, ಆಮೇಲೆ ಸಿಕ್ಕಿಸಿದೆವು. ಪುಟಗಳು ತೆರೆದವು.

ದೀಪ ಹತ್ತಿಯೂ ತಂತ್ರಾಂಶ ತೆರೆಯದಿದ್ದರೆ ಬೀಗದ ಸೇವೆ ಹಿನ್ನೆಲೆಯಲ್ಲಿ ನಡೆಯುತ್ತಿದೆಯೇ ನೋಡಬೇಕು. ಬಹಳ ಬಳಕೆಯಲ್ಲಿರುವ ಒಂದು ಜಾತಿಯ ಬೀಗಕ್ಕೆ ಈ ಸೇವೆಯ ಪೋರ್ಟ್ ಸಂಖ್ಯೆ 1947. ನಮಗೆ ಮರೆಯುವ ಸಂಖ್ಯೆಯೇ ಅದು? ಅವಧಿಯ ಪರವಾನಗಿಯಾದರೆ ಯಂತ್ರದ ಗಡಿಯಾರದ ಸೆಲ್ಲು ಸತ್ತು ತಾರೀಖು ಹಿಂದೆ ಹೋಗಿದೆಯೇ ಎಂದೂ ನೋಡಬೇಕು.

ಸಂಚಿಕೆ ಹೊರಬಂತು, ಚಿಂತೆ ಉಳಿಯಿತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದ್ದರೂ ನಮ್ಮ ಹಳೆಯ ಸಂಚಿಕೆಗಳು ಆ ತಂತ್ರಾಂಶದ ಸ್ವಂತ ಸಂಕೇತಗಳಲ್ಲಿವೆ. ಬೇರೆ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಈ ತುಂಡು ಸತ್ತ ದಿನ ಹಿರಿಯರು ಬರೆದಿಟ್ಟ ನೆನಪುಗಳೆಲ್ಲ ಬೀಗದೊಳಗೆ. ಕಾಗದದ ಪ್ರತಿಗಳಿಗೆ ಗೆದ್ದಲು ಆಗಲೇ ಹತ್ತಿದೆ. ನಮ್ಮ ಮಕ್ಕಳು ಕಷ್ಟಪಟ್ಟು ಕನ್ನಡ ಓದಲು ಕಲಿತಾಗ ಓದಲು ಏನಾದರೂ ಇರಬೇಡವೇ?

ಆದ್ದರಿಂದ ಬೀಗದ ಕೈ ಬದುಕಿರುವಾಗಲೇ ಎಲ್ಲವನ್ನೂ ಯೂನಿಕೋಡಿಗೆ ಬದಲಿಸುತ್ತಿದ್ದೇವೆ. ಬದಲಿಸುವಾಗ ಒತ್ತಕ್ಷರ, ಅರ್ಕಾವೊತ್ತುಗಳು ಸ್ಥಾನ ತಪ್ಪುತ್ತವೆ. ಅಚ್ಚಾದ ಪ್ರತಿಯೊಂದಿಗೆ ಸಾಲುಸಾಲಾಗಿ ಹೋಲಿಸಬೇಕು. ಕನ್ನಡ ಓದಬಲ್ಲ ತಾಯಂದಿರು, ನಿವೃತ್ತರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘಕ್ಕೆ ಬರಬೇಕೆಂದು ಕೋರುತ್ತೇವೆ. ಕನ್ನಡಕ ಮರೆಯಬೇಡಿ.