ಚಾರ್ಮಾಡಿಯ ದಾರಿಯೂ ಗೇರಿನ ಪೆಟ್ಟಿಗೆಯೂ

ಮಂಗಳೂರಿನಿಂದ ಮೂಡಲಿಗೆ ಹೊರಟವನು ಬಂಟ್ವಾಳವನ್ನು ದಾಟಿ, ಪುಂಜಾಲಕಟ್ಟೆ ಮಡಂತ್ಯಾರುಗಳನ್ನು ಹಿಂದಿಕ್ಕಿ, ಗುರುವಾಯನಕೆರೆಯನ್ನು ತಲುಪಿದನೆಂದರೆ ಬೆಳ್ತಂಗಡಿಯು ಸಮೀಪಿಸಿತೆಂದೇ ತಿಳಿಯಬೇಕು. ಊರಿನ ಆಚೆಗೆ ಜಮಲಾಬಾದಿನ ಹೆಬ್ಬಂಡೆಯು ಒಂಟಿಯಾಗಿ ಎದ್ದು ನಿಂತಿದೆ. 1794ರಲ್ಲಿ ಟಿಪ್ಪು ಸುಲ್ತಾನನು ಅದರ ನೆತ್ತಿಯ ಮೇಲೆ ಕೋಟೆ ಕಟ್ಟಿಸಿ ತನ್ನ ತಾಯಿಯ ಹೆಸರಿಟ್ಟನಂತೆ. ಊರವರಿಗೆ ಮಾತ್ರ ಅದು ಇಂದಿಗೂ ಗಡಾಯಿಕಲ್ಲು. ಲಾಯಿಲ, ಉಜಿರೆ, ಮುಂಡಾಜೆ, ಕಕ್ಕಿಂಜೆಗಳಲ್ಲಿ ದಾರಿಯು ಅಡಿಕೆಯ ತೋಟಗಳ ನೆರಳಿನಲ್ಲಿ ಸಾಗುವದು. ಚಾರ್ಮಾಡಿಯನ್ನು ಬಿಟ್ಟೊಡನೆ ತೋಟಗಳು ಮುಗಿದು ಕಾಡು ಮೊದಲಾಗುವದು. ರಸ್ತೆಯು ಮುಗಿಲಿಗೆ ಮುಖಮಾಡಿ, ತಿರುವಿನ ಮೇಲೆ ತಿರುವಾಗಿ ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರಕ್ಕೆ ಏರುವದು.

ಸರಕಾರದ ಲೆಕ್ಕದಲ್ಲಿ ಇದು 73ನೆಯ ರಾಷ್ಟ್ರೀಯ ಹೆದ್ದಾರಿ. ಮಳೆಗಾಲದಲ್ಲಿ ಇದರ ಚೆಲುವನ್ನು ನೋಡಲು ಬರುವವರು ಬಹಳ. ಆದರೆ ಘಟ್ಟದ ಮೇಲಿನ ಗೃಹಸ್ಥರಿಗೆ ಇದು ನೋಟವಲ್ಲ, ಬಾಳ್ವೆಯ ದಾರಿ. ಆಸ್ಪತ್ರೆಗೆಂದು, ಮಕ್ಕಳ ಓದಿಗೆಂದು, ಧರ್ಮಸ್ಥಳದ ಹರಕೆಗೆಂದು ಅವರು ಇದರಲ್ಲಿಯೇ ಇಳಿಯಬೇಕು. 2019ರ ಆಗಸ್ಟಿನ ಮಳೆಗೆ ಗುಡ್ಡಗಳು ಕುಸಿದು ಘಟ್ಟವು ಮುಚ್ಚಿದಾಗ ಸುತ್ತುದಾರಿ ಹಿಡಿದವರಿಗೆ ಇದರ ಬೆಲೆ ತಿಳಿದಿದೆ.

ಇಂಥ ದಾರಿಯಲ್ಲಿ ಮೋಟಾರಿನ ಜೀವವು ಗೇರಿನಲ್ಲಿದೆ. (ನಮ್ಮ ಸೀಮೆಯಲ್ಲಿ ಗೇರೆಂದರೆ ಮೊದಲು ನೆನಪಿಗೆ ಬರುವದು ಗುಡ್ಡದ ಗೇರುಬೀಜ, ಇದು ಆ ಗೇರಲ್ಲ.) ಏರುವಾಗ ಕೆಳಗೇರು ಬಲವನ್ನು ಕೊಡುವದು, ಇಳಿಯುವಾಗ ಅದೇ ಕೆಳಗೇರು ಗಾಡಿಯನ್ನು ಎಂಜಿನಿನ ಬಿಗಿಯಿಂದ ಹಿಡಿದು ನಿಲ್ಲಿಸುವದು. ಬ್ರೇಕೊಂದನ್ನೇ ನಂಬಿ ಘಟ್ಟವಿಳಿದರೆ ಅದು ಕಾದು, ಬೇಕಾದ ತಿರುವಿನಲ್ಲಿಯೇ ಹಿಡಿಯದೆ ಹೋಗಬಹುದು. ಆದಕಾರಣ ಏರಿದ ಗೇರಿನಲ್ಲಿಯೇ ಇಳಿಯಬೇಕೆಂದು ಹಳೆಯ ಚಾಲಕರು ಹೇಳುತ್ತಿದ್ದರು.

ಈಗ ಅನೇಕ ಮನೆಗಳ ಕಾರಿನಲ್ಲಿ ಗೇರನ್ನು ಆರಿಸುವವನು ಚಾಲಕನಲ್ಲ. ತಾನಾಗಿ ಗೇರು ಬದಲಿಸುವ ಕಾರು ಹೊಸತೇನೂ ಅಲ್ಲ. ಅಮೇರಿಕದ ಓಲ್ಡ್ಸ್‌ಮೊಬೀಲ್ ಕಾರಿನ 1940ರ ಮಾದರಿಯಲ್ಲಿಯೇ ಅದು ಬಂದಿತ್ತು. ಆಗ ಎಣ್ಣೆಯ ಒತ್ತಡವೇ ಗೇರನ್ನು ನಿರ್ಣಯಿಸುತ್ತಿತ್ತು. ನಮ್ಮ ದೇಶದ ಸಾಧಾರಣ ಗೃಹಸ್ಥನ ಕೈಗೆ ಕ್ಲಚ್ಚಿನ ಪೆಡಲಿಲ್ಲದ ಅಗ್ಗದ ಕಾರು ಸಿಕ್ಕಿದ್ದು 2014ರಲ್ಲಿ ಮಾರುತಿಯ ಸೆಲೆರಿಯೋ ಬಂದ ಮೇಲೆ. ಇಂಥ ಕಾರಿನಲ್ಲಿ ಗೇರೂ ಕ್ಲಚ್ಚೂ ಹಿಂದಿನವೇ. ಅವುಗಳನ್ನು ಆಡಿಸುವ ಕೈಗೆ ಬದಲಾಗಿ ಯಂತ್ರವಿದೆ, ಆ ಯಂತ್ರಕ್ಕೆ ಅಪ್ಪಣೆ ಕೊಡಲು ಅಂಗೈಯಗಲದ ಒಂದು ಪೆಟ್ಟಿಗೆಯಿದೆ. ಇದಕ್ಕೆ ಟ್ರಾನ್ಸ್‌ಮಿಶನ್ ಕಂಟ್ರೋಲ್ ಮಾಡ್ಯೂಲ್ ಎಂದು ಹೆಸರು. ಗಾಡಿಯ ವೇಗವೆಷ್ಟು, ಎಂಜಿನು ಎಷ್ಟು ಸುತ್ತು ತಿರುಗುತ್ತಿದೆ, ಕಾಲು ಎಷ್ಟು ಒತ್ತಿದೆ, ಬ್ರೇಕು ಹಿಡಿದಿದೆಯೇ ಎಂಬ ಸುದ್ದಿಗಳು ತಂತಿಗಳ ಮೂಲಕ ಇದಕ್ಕೆ ಸದಾ ಬರುತ್ತಿರುವವು. ಸುದ್ದಿ ತಪ್ಪಿದರೆ, ಅಥವಾ ಪೆಟ್ಟಿಗೆಗೇ ರೋಗ ಬಂದರೆ, ಗಾಡಿಯು ಒಂದೇ ಗೇರಿಗೆ ಕಚ್ಚಿಕೊಳ್ಳುವದು, ಇಲ್ಲವೆ ಯಾವ ಗೇರನ್ನೂ ಹಿಡಿಯದೆ ಕೂರುವದು.

ಮೂಡಿಗೆರೆಯ ಕಡೆಯ ನಮ್ಮ ಪರಿಚಯದ ಗೃಹಸ್ಥರೊಬ್ಬರಿಗೆ ಹೀಗಾಯಿತು. ಅವರ ತಾಯಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ರಕ್ತಶುದ್ಧಿಗಾಗಿ ಘಟ್ಟದ ಕೆಳಗಿನ ಆಸ್ಪತ್ರೆಗೆ ಕರೆತರಬೇಕು. ತಪ್ಪಿಸುವಂತಿಲ್ಲ, ಮುಂದೂಡುವಂತಿಲ್ಲ. ಜುಲೈ ತಿಂಗಳ ಒಂದು ಬೆಳಗ್ಗೆ ಮಂಜಿನಲ್ಲಿ ಇಳಿಯುತ್ತಿರುವಾಗ ಎದುರಿನ ಫಲಕದಲ್ಲಿ ಹಳದಿಯ ದೀಪ ಹೊತ್ತಿತು. ಗಾಡಿಯು ಎರಡನೆಯ ಗೇರಿನಲ್ಲಿಯೇ ನಿಂತುಬಿಟ್ಟಿತು. ಇಳಿಜಾರಿಗೆ ಅದೇ ತಕ್ಕ ಗೇರಾದ್ದರಿಂದ ಅವರು ಮೆಲ್ಲನೆ ಚಾರ್ಮಾಡಿಯವರೆಗೆ ಬಂದರು. ಅಲ್ಲಿ ನಿಲ್ಲಿಸಿದ ಮೇಲೆ ಯಾವ ಗೇರೂ ಬೀಳಲಿಲ್ಲ. ತಾಯಿಯನ್ನು ಬಾಡಿಗೆಯ ಜೀಪಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿ, ಕಾರನ್ನು ಉಜಿರೆಗೆ ಎಳೆಸಿದರು.

ಪಟ್ಟಣದ ದೊಡ್ಡ ಕಾರ್ಯಾಗಾರವೊಂದಕ್ಕೆ ಫೋನು ಮಾಡಿದರೆ, ಗಾಡಿಯನ್ನು ನೋಡದೆಯೇ, ಇಡೀ ಗೇರುಬಾಕ್ಸನ್ನು ಬದಲಿಸಬೇಕಾದೀತೆಂಬ ಉತ್ತರ ಬಂತು. ನೋಡದೆ ಔಷಧ ಕೊಡುವ ವೈದ್ಯನನ್ನು ನಂಬುವವರು ಯಾರು? ಉಜಿರೆಯ ಮೆಕ್ಯಾನಿಕನು ಹಾಗೆ ಅವಸರಪಡಲಿಲ್ಲ. “ಅಣ್ಣ, ಮೊದಲು ಬ್ಯಾಟರಿ ನೋಡುವ, ಪೆಟ್ಟಿಗೆ ಎಲ್ಲಿಗೂ ಓಡಿಹೋಗುವದಿಲ್ಲ” ಎಂದನಂತೆ. ಈ ಕ್ರಮವನ್ನು ಪ್ರತಿಯೊಬ್ಬ ಕಾರಿನ ಯಜಮಾನನೂ ತಿಳಿದಿರಬೇಕು. ಬ್ಯಾಟರಿ ಸೊರಗಿದ್ದರೂ, ನೆಲದ ತಂತಿ ಸಡಿಲಾಗಿದ್ದರೂ, ಫ್ಯೂಸು ಸುಟ್ಟಿದ್ದರೂ, ಮಳೆಗಾಲದಲ್ಲಿ ಬೆಚ್ಚಗೆ ಮಲಗಲು ಬಂದ ಇಲಿಯು ತಂತಿ ಕಡಿದಿದ್ದರೂ, ಕಾಯಿಲೆಯ ಲಕ್ಷಣ ಇದೇ. ಆತನು ಇವೆಲ್ಲವನ್ನೂ ಪರೀಕ್ಷಿಸಿದನು. ಪರೀಕ್ಷಾಯಂತ್ರವನ್ನು ಚುಚ್ಚಿದಾಗ ಯು 0101 ಎಂಬ ಸಂಕೇತ ಕಾಣಿಸಿತು. ಗೇರಿನ ಪೆಟ್ಟಿಗೆಯೊಡನೆ ಮಾತು ನಿಂತಿದೆಯೆಂದು ಅದರ ಅರ್ಥ. ಪೆಟ್ಟಿಗೆಯ ಪ್ಲಗ್ಗಿನಲ್ಲಿ ಹಸುರು ಕಿಲುಬು ಹಿಡಿದಿತ್ತು; ಅದನ್ನು ತೊಳೆದು ಒಣಗಿಸಿದಾಗ ಗಾಡಿ ಹೊರಟಿತು. ಆದರೆ ಅರ್ಧ ತಾಸು ಓಡಿ ಕಾದ ಮೇಲೆ ಪುನಃ ಅದೇ ಕಥೆ. ಈ ಸಲ ಪಿ 0613 ಎಂಬ ಸಂಕೇತ, ಎಂದರೆ ಪೆಟ್ಟಿಗೆಯ ಮಿದುಳಿನಲ್ಲಿಯೇ ದೋಷ. ಪ್ಲಗ್ಗಿನವರೆಗೆ ವಿದ್ಯುತ್ತು ಸರಿಯಾಗಿ ಬರುತ್ತಿತ್ತು. ಪೆಟ್ಟಿಗೆಯನ್ನು ಬದಲಿಸದೆ ಗತಿಯಿಲ್ಲವೆಂದು ಆತನು ಹೇಳಿದ್ದು ಆಗ.

ಗುಜರಿಯಿಂದ ಹಳೆಯ ಪೆಟ್ಟಿಗೆಯನ್ನು ತಂದು ಹಾಕಿದರೆ ಹಣ ಉಳಿಯದೆ? ಎಲ್ಲರಿಗೂ ಹೊಳೆಯುವ ಯೋಚನೆಯಿದು. ಆದರೆ ಆ ಪೆಟ್ಟಿಗೆಯು ಇನ್ನೊಂದು ಗಾಡಿಯ ಗುರುತನ್ನೂ ಅದರ ಅಭ್ಯಾಸಗಳನ್ನೂ ಹೊತ್ತುಕೊಂಡು ಬಂದಿರುವದು. ಭಾಗದ ಸಂಖ್ಯೆಯು ಕೊನೆಯ ಅಕ್ಷರದವರೆಗೆ ಹೊಂದಬೇಕು. ಹೊಂದಿದರೂ ಹೊಸ ಗಾಡಿಗೆ ಒಗ್ಗಿಸಲು ಅನೇಕ ಸಲ ಸಾಧ್ಯವಾಗದು. ಇವರು ಹೊಸದನ್ನೇ ತರಿಸಿದರು. ಅದು ಬರಲು ಎಂಟು ದಿನ ಹಿಡಿಯಿತು. ಆ ಎಂಟು ದಿನವೂ ತಾಯಿಯು ಸರಕಾರಿ ಬಸ್ಸಿನಲ್ಲಿಯೇ ಇಳಿದು ಹತ್ತಿದರು. ಮಗನು ಚಿಂತಿಸುತ್ತಿದ್ದರೆ, “ಬಸ್ಸಿನವನ ಗೇರು ಅವನ ಕೈಯಲ್ಲೇ ಇದೆಯಲ್ಲ ಮಗಾ, ಅದರಲ್ಲೇ ಹೋಗುವ” ಎಂದು ಸಮಾಧಾನ ಹೇಳಿದವರು ಅವರೇ. ಆದರೂ ರಕ್ತಶುದ್ಧಿ ಮುಗಿದ ಸಂಜೆ ಬಸ್ಸಿನ ಕಂಬವನ್ನು ಹಿಡಿದು ಕೂತು ಘಟ್ಟವೇರುವದು ಎಂಥ ಆಯಾಸವೆಂದು ಬೇರೆ ಹೇಳಬೇಕಾಗಿಲ್ಲ.

ಪೆಟ್ಟಿಗೆಯನ್ನು ಕೂರಿಸುವ ಕೆಲಸ ಸಣ್ಣದು. ಬ್ಯಾಟರಿಯ ಋಣತಂತಿಯನ್ನು ಬಿಚ್ಚಿ, ಪ್ಲಗ್ಗನ್ನು ಎಳೆದು, ನಾಲ್ಕು ತಿರುಪುಗಳನ್ನು ಕಳಚಿದರೆ ಹಳೆಯದು ಕೈಗೆ ಬಂದಿತು. (ಕೆಲವು ಬೆಲೆಯುಳ್ಳ ಕಾರುಗಳಲ್ಲಿ ಇದು ಗೇರುಬಾಕ್ಸಿನ ಒಳಗೇ ಇರುವದು, ಅಲ್ಲಿ ಕೆಲಸವು ಇಷ್ಟು ಸುಲಭವಲ್ಲ.) ನಿಜವಾದ ಕೆಲಸವು ಅನಂತರದ್ದು. ಹೊಸ ಪೆಟ್ಟಿಗೆಗೆ ಈ ಗಾಡಿಯ ಗುರುತುಸಂಖ್ಯೆಯನ್ನೂ ಅದಕ್ಕೆ ಸಲ್ಲುವ ತಂತ್ರಾಂಶವನ್ನೂ ಕಂಪೆನಿಯ ಗಣಕಯಂತ್ರದಿಂದ ತುಂಬಬೇಕು. ತುಂಬುವಷ್ಟು ಹೊತ್ತೂ ಬ್ಯಾಟರಿಗೆ ಚಾರ್ಜರು ಜೋಡಿಸಿರಬೇಕು. ನಡುವೆ ವಿದ್ಯುತ್ತು ಕುಗ್ಗಿದರೆ ಹೊಸ ಪೆಟ್ಟಿಗೆಯೂ ಕೆಡಬಹುದು. ಮಳೆಗಾಲದಲ್ಲಿ ಕರೆಂಟಿನ ಸ್ಥಿತಿಯನ್ನು ಬಲ್ಲವರಿಗೆ ಇದರ ಆತಂಕ ಅರ್ಥವಾದೀತು. ತರುವಾಯ ಕ್ಲಚ್ಚು ಎಲ್ಲಿ ಹಿಡಿಯುವದು, ಯಾವ ಗೇರು ಎಲ್ಲಿ ಬೀಳುವದು ಎಂಬದನ್ನು ಪೆಟ್ಟಿಗೆಗೆ ಕಲಿಸಬೇಕು. ಇದನ್ನು ಬಿಟ್ಟುಬಿಡುವ ಅವಸರದವರೂ ಇದ್ದಾರೆ. ಅಂಥವರ ಕೈಗೆ ಸಿಕ್ಕಿದ ಗಾಡಿಯು ಪ್ರತಿ ಗೇರಿಗೂ ಜಗ್ಗುತ್ತ ಓಡುವದು, ಯಜಮಾನನು ಪೆಟ್ಟಿಗೆಯನ್ನೇ ದೂರುವನು. ಉಜಿರೆಯವನು ಕಲಿಸಿ, ಕಕ್ಕಿಂಜೆಯವರೆಗೆ ಎರಡು ಸಲ ಓಡಿಸಿ, ಗಾಡಿ ಕಾದ ಮೇಲೂ ದೀಪ ಹೊತ್ತುವದಿಲ್ಲವೆಂದು ಕಂಡ ಮೇಲೆಯೇ ಬೀಗದಕೈಯನ್ನು ಕೊಟ್ಟನು.

ಈಗ ಆ ಗೃಹಸ್ಥರು ಘಟ್ಟದಲ್ಲಿ ಗೇರಿನ ಹಿಡಿಯನ್ನು ಕೈಯಾಟದ ಕಡೆಗೆ ತಳ್ಳಿ, ಎರಡನೆಯದರಲ್ಲಿಯೇ ಇಳಿಯುತ್ತಾರೆ. ದೀಪ ಹೊತ್ತಿದರೆ ತಿರುವಿನಲ್ಲಿ ನಿಲ್ಲಿಸದೆ, ಅಗಲವಾದ ಸಮತಟ್ಟು ಸಿಕ್ಕುವವರೆಗೆ ಮೆಲ್ಲನೆ ಸಾಗಬೇಕು. ಅಲ್ಲಿ ಹ್ಯಾಂಡ್‌ಬ್ರೇಕನ್ನು ಎಳೆದು, ಗಾಲಿಗೆ ಕಲ್ಲು ಕೊಟ್ಟ ಮೇಲೆಯೇ ಎಂಜಿನನ್ನು ಆರಿಸಬೇಕು. ಎಣ್ಣೆ ಉಳಿಸುವೆನೆಂದು ನ್ಯೂಟ್ರಲ್ಲಿನಲ್ಲಿ ಘಟ್ಟವಿಳಿಯುವವರಿಗೆ ಏನು ಹೇಳುವದು!

ಉಜಿರೆಯಲ್ಲಿ ಗಾಡಿ ರಿಪೇರಿಗೆ ನಿಂತರೆ ಹೊತ್ತು ಕಳೆಯಲು ಧರ್ಮಸ್ಥಳವು ಹತ್ತಿರವೇ ಇದೆ. ಅಲ್ಲಿ ದೇವರ ದರ್ಶನವಾದ ಮೇಲೆ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹವನ್ನು ಮಕ್ಕಳಿಗೆ ತೋರಿಸಬೇಕು. ಅಲ್ಲಿನ ಮುದಿ ಗಾಡಿಗಳಲ್ಲಿ ಇಂಥ ಪೆಟ್ಟಿಗೆಯನ್ನು ಹುಡುಕಿದರೆ ಸಿಕ್ಕದು. ಮಳೆಗಾಲದಲ್ಲಿ ಅಲ್ಲಿಂದ ಮೇಲಕ್ಕೆ ಹೊರಡುವವರು ಘಟ್ಟವು ತೆರೆದಿದೆಯೇ ಎಂದು ಉಜಿರೆಯಲ್ಲಿ ಒಮ್ಮೆ ವಿಚಾರಿಸಿಕೊಂಡು, ಬೆಳಕಿರುವಾಗಲೇ ಹತ್ತುವದು ಒಳ್ಳೆಯದು.